ನಿದ್ದೆ ಮಾಡದ ನಲವತ್ತು ಜನ

ಮೂರು ವರ್ಷ ನಾನು ಕಲೆಹಾಕಿದ ಮಾಹಿತಿಯಿಂದ ಪ್ರಬಂಧ ಬರೆದು ಪ್ರೊಫೆಸರ್ ತಮ್ಮ ಹೆಸರು ಹಾಕಿಕೊಂಡರು. ಪಕ್ಕದಲ್ಲಿ ಅವರ ಅಳಿಯನ ಹೆಸರು. ನನ್ನದು ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ. ಆ ಕೆಲಸ ನನ್ನದೆಂದು ಸಾಬೀತಾಗದೆ ನನಗೆ ಪಿಎಚ್‌ಡಿ ಸಿಗುವಂತಿರಲಿಲ್ಲ. ಕೇಳಲು ಹೋದೆ.

"ನೋಡಮ್ಮ, ಅಂಕಿ ಗುಡ್ಡೆ ಹಾಕೋದು ಕೂಲಿ ಕೆಲಸ. ಅದರಲ್ಲಿ ನಿಂದು ಅಂತ ಏನಿದೆ?" ಎಂದರು.

ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ಹೊರಬಂದೆ.

ನಾವು ಅಧ್ಯಯನ ಮಾಡುತ್ತಿದ್ದ ಜಾಲದಲ್ಲಿ ಒಂದೇ ದೊಡ್ಡ ಉಗ್ರಾಣವಿಲ್ಲ. ಜನ ತಮ್ಮ ತಮ್ಮ ಕಂಪ್ಯೂಟರುಗಳಿಂದಲೇ ಫೈಲುಗಳನ್ನು ಚೂರುಚೂರಾಗಿ ಹಂಚಿಕೊಳ್ಳುತ್ತಾರೆ. ಯಾರು ಕೊಡುತ್ತಾರೆ, ಯಾರು ಬಾಚಿಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ, ಅದರಿಂದ ಜಾಲದ ವೇಗ ಎಷ್ಟು ಏರಿಳಿಯುತ್ತದೆ ಎಂಬುದಕ್ಕೆ ಗಣಿತದ ಮಾದರಿ ಕಟ್ಟಬೇಕಿತ್ತು. ಅಳತೆಗೆಂದು ನಾನೇ ಲ್ಯಾಬಿನ ಹಿಂದಿನ ಕೋಣೆಯಲ್ಲಿ ನಲವತ್ತು ಮೆಷಿನ್‌ಗಳಿಗೆ ಬಳಕೆದಾರರ ವೇಷ ಹಾಕಿಸಿ ಜಾಲದೊಳಗೆ ಬಿಟ್ಟಿದ್ದೆ. ಕೇಳಿದವರಿಗೆಲ್ಲ ಕೊಡುತ್ತಾ, ಬಂದವರು ಹೋದವರನ್ನು ದಾಖಲಿಸುವುದಷ್ಟೇ ಅವುಗಳ ಕೆಲಸ. ಬಳಕೆದಾರರನ್ನು ಎಣಿಸುವ ಮುಂಚೆ ಅವನ್ನು ಕೈಬಿಡಬೇಕೆಂದು ನನ್ನ ಮಾಹಿತಿಯ ಫೈಲಿನ ಮೊದಲ ಸಾಲಿನಲ್ಲೇ ಬರೆದಿದ್ದೆ. ಮಾವ ಅಳಿಯನಿಗೆ ಅದನ್ನು ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ಎಸಿ ಗಾಳಿಗೆ ಶೀತವಾಗುತ್ತದೆಂದು ಪ್ರೊಫೆಸರ್ ಆ ಕೋಣೆಗೆ ಒಂದು ದಿನವೂ ಕಾಲಿಟ್ಟವರಲ್ಲ.

ಅವರು ಆ ನಲವತ್ತನ್ನೂ ಮನುಷ್ಯರೆಂದೇ ಎಣಿಸಿ, 'ನಿಸ್ವಾರ್ಥ ಬಳಕೆದಾರರು' ಎಂದು ಹೆಸರಿಟ್ಟು, ಇಡೀ ಮಾದರಿಯನ್ನು ಅವುಗಳ ಮೇಲೆ ನಿಲ್ಲಿಸಿದ್ದರು. ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೂಲಿಯವಳಿಗೆ ಯಾಕೆ ಆ ಉಸಾಬರಿ!

ಸಮ್ಮೇಳನದ ದಿನ ಸಭಾಂಗಣ ತುಂಬಿತ್ತು. ನನ್ನ ಪಿಎಚ್‌ಡಿ ಸಮಿತಿಯವರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು. "ಜನರಲ್ಲಿ ಇನ್ನೂ ಒಳ್ಳೇತನ ಇದೆ ಅನ್ನೋದಕ್ಕೆ ಈ ನಲವತ್ತು ಜನರೇ ಸಾಕ್ಷಿ," ಎಂದು ಪ್ರೊಫೆಸರ್ ಮುಗಿಸಿದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಮೇಲೆ ಕೈಯೆತ್ತಿದೆ.

"ಸರ್, ಈ ನಲವತ್ತು ಜನ ಮೂರು ವರ್ಷದಲ್ಲಿ ಒಂದು ದಿನಾನೂ ನಿದ್ದೆ ಮಾಡಿಲ್ವಾ?"

ಅವರು ನಕ್ಕರು. "ಸೇವಾ ಮನೋಭಾವ ಕಣಮ್ಮ."

"ಒಂದು ಫೈಲನ್ನಾದ್ರೂ ತಮಗೆ ಅಂತ ತಗೊಂಡಿಲ್ಲ?"

"ಅದೇ ಅಲ್ವಾ ನಿಸ್ವಾರ್ಥ ಅಂದ್ರೆ!"

"ಇಲ್ಲ ಸರ್. ಅವು ನಮ್ಮ ಲ್ಯಾಬಿನ ಮೆಷಿನ್‌ಗಳು. ಹಿಂದಿನ ಕೋಣೇಲಿ ಇವತ್ತೂ ಓಡ್ತಿವೆ."

ಮೊದಲು ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಸಭೆ ನಕ್ಕಿತು. ಅಳಿಯ ತನ್ನ ಶೂ ನೋಡುತ್ತಾ ಕೂತ. ಪ್ರೊಫೆಸರ್ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅವರು ಮೈಕು ಬಿಗಿಯಾಗಿ ಹಿಡಿದು ನನ್ನತ್ತ ಬೆರಳು ತೋರಿಸಿದರು.

"ಇದರಲ್ಲಿ ನಮ್ಮ ತಪ್ಪಿಲ್ಲ! ಈ ಮಾಹಿತಿ ಸಂಗ್ರಹಿಸಿದ್ದು ನಾನಲ್ಲ, ನನ್ನ ಅಳಿಯನೂ ಅಲ್ಲ. ಮೂರು ವರ್ಷ ಪೂರ್ತಿ ಇವಳೊಬ್ಬಳೇ ಮಾಡಿದ್ದು!"

ಮುಂದಿನ ಸಾಲಿನಲ್ಲಿ ಸಮಿತಿಯವರೊಬ್ಬರು ಪೆನ್ನು ತೆಗೆದರು.

"ಇನ್ನೊಂದು ಸಲ ಹೇಳಿ ಸರ್," ಎಂದೆ. "ಅವರು ಬರ್ಕೋತಿದ್ದಾರೆ."