ದೊಡ್ಡಕ್ಕ ತೆರೆದ ಕಿಟಕಿ

ಮಧ್ಯಾಹ್ನದ ಹೊತ್ತಿನಲ್ಲಿ ಮಕ್ಕಳ ಆಸ್ಪತ್ರೆಯ ಕರೆಂಟ್ ಹೋಯಿತು. ಅದೇನೂ ಹೊಸದಲ್ಲ. ಆದರೆ ಗುರ್ರೆಂದು ಶುರುವಾದ ಜನರೇಟರ್ ಐದೇ ನಿಮಿಷಕ್ಕೆ ಉಸಿರು ಬಿಟ್ಟಿತಲ್ಲ, ಅದು ಹೊಸದು. ವಾರ್ಡಿನ ಮೂಲೆಯಲ್ಲಿ ಎಳೆಗೂಸೊಂದು ಹೀಟರಿನ ಕೆಳಗೆ ಮಲಗಿತ್ತು. ಹೀಟರೂ ಆರಿತು. ಹಿರಿಯ ನರ್ಸು ಓಡಿಬಂದು ಕೂಸನ್ನೆತ್ತಿ ಅದರ ತಾಯಿಯ ಎದೆಗೆ ಆನಿಸಿ ಕಂಬಳಿ ಹೊದಿಸಿದರು.

"ಈಗ ನೀನೇ ಇದರ ಹೀಟರ್ ಕಣಮ್ಮ. ಅಲ್ಲಾಡಬೇಡ."

ಅಳುತ್ತಿದ್ದ ತಾಯಿ ಅಳು ಮರೆತು ನಕ್ಕಳು.

ಈ ನರ್ಸನ್ನು ಆಸ್ಪತ್ರೆಯವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು. ಮೂವತ್ತೊಂದು ವರ್ಷದ ಸೇವೆ. ಮಗುವಿನ ಹಣೆ ಮುಟ್ಟಿದರೆ ಸಾಕು, ಜ್ವರ ಎಷ್ಟಿದೆ ಎಂದು ಹೇಳಬಲ್ಲ ಕೈ. ಆ ಕೈಯಲ್ಲಿ ಒಂದು ಗಾಜಿನ ಥರ್ಮಾಮೀಟರ್ ಯಾವಾಗಲೂ ಇರುತ್ತಿತ್ತು.

ಜನರೇಟರ್ ಸರಿಮಾಡಿದ ಎಲೆಕ್ಟ್ರಿಷಿಯನ್ ಬೆವರು ಒರೆಸಿಕೊಳ್ಳುತ್ತಾ ವಾರ್ಡಿಗೆ ಬಂದ. ಎಲ್ಲರ ಬಾಯಲ್ಲೂ ಅವನು ಕರೆಂಟಣ್ಣ.

"ದೊಡ್ಡಕ್ಕ, ನಿಮ್ಮ ನರ್ಸುಗಳ ರೂಮಿನ ಎಸಿ ಆರಿಸ್ಲಾ?"

"ಯಾಕಪ್ಪ, ಅದೇನು ನಿನ್ನ ತಲೆ ಮೇಲೆ ಕೂತಿದೆಯಾ?"

"ನನ್ನ ತಲೆ ಮೇಲಲ್ಲ, ಜನರೇಟರ್ ತಲೆ ಮೇಲೆ ಕೂತಿದೆ. ಒಂದು ವಾರದಿಂದ ರೂಮು ರೂಮು ಸುತ್ತಿ ನೋಡ್ತಿದ್ದೀನಿ. ಆರು ರೂಮಲ್ಲಿ ಜನಾನೇ ಇಲ್ಲ, ಎಸಿ ಮಾತ್ರ ಓಡ್ತಿದೆ. ಖಾಲಿ ಕುರ್ಚಿಗೆ ಸೆಕೆ ಆಗತ್ತಾ? ಹಗಲಲ್ಲೂ ವರಾಂಡದ ದೀಪ ಉರೀತಿರತ್ತೆ. ಕರೆಂಟ್ ಹೋದಾಗ ಎಲ್ಲಾ ಭಾರ ಜನರೇಟರ್ ಮೇಲೆ ಬಿದ್ರೆ ಕೂಸಿನ ಹೀಟರ್‌ಗೆ ಏನು ಉಳಿಯತ್ತೆ ಹೇಳಿ."

ದೊಡ್ಡಕ್ಕನಿಗೆ ಮಾತು ನಾಟಿತು. ಆದರೂ ಬಿಟ್ಟುಕೊಡಲಿಲ್ಲ. "ಆ ಆರನ್ನೂ ಆರಿಸ್ಕೋ. ನಮ್ಮ ರೂಮು ಖಾಲಿ ಇಲ್ಲ. ನನ್ನ ಸೊಸೆ ಇದ್ದಾಳೆ."

ಸೊಸೆಯೂ ಅದೇ ವಾರ್ಡಿನ ನರ್ಸು. ಈಗ ಐದು ತಿಂಗಳ ಬಸುರಿ. ದೊಡ್ಡಕ್ಕ ಅವಳನ್ನು ಓಡಾಟದ ಕೆಲಸದಿಂದ ಬಿಡಿಸಿ, ತಮ್ಮ ಮೇಜಿನಲ್ಲೇ ಕೂರಿಸಿ, ಬರೆಯುವ ಕೆಲಸ ಕೊಟ್ಟಿದ್ದರು. ಕಿಟಕಿ ಮುಚ್ಚಿ, ಎಸಿ ಹಾಕಿ, ಬೆನ್ನಿಗೆ ದಿಂಬು ಇಟ್ಟಿದ್ದರು. ಹೀಗೆ ಎರಡು ತಿಂಗಳಾಗಿತ್ತು.

"ಅತ್ತೆ, ಕಿಟಕಿ ತೆಗೆದ್ರೆ ಸಾಕು. ಬೇವಿನ ಮರದ ಗಾಳಿ ಚೆನ್ನಾಗಿ ಬರತ್ತೆ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

"ಹೊಟ್ಟೇಲಿರೋದು ಬಾಯಿ ಬಿಟ್ಟು ಹೇಳಲ್ಲ ಅಂತ ನೀನು ಅದರ ಪರ ವಕೀಲಿಕೆ ಮಾಡ್ಬೇಡ. ಸುಮ್ನೆ ಕೂತ್ಕೋ."

ಅತ್ತೆ ಸೊಸೆಗೆ ಇನ್ನೊಂದು ಜಗಳವೂ ಇತ್ತು. ಪಾದರಸವಿಲ್ಲದ ಹೊಸ ಥರ್ಮಾಮೀಟರುಗಳು ಬಂದು ವರ್ಷವಾದರೂ ಅವು ದೊಡ್ಡಕ್ಕನ ಬೀರುವಿನಿಂದ ಹೊರಗೆ ಬಂದಿರಲಿಲ್ಲ. ಸೊಸೆ ತರಬೇತಿಗೆ ಹೋಗಿ ಬಂದು, ಗಾಜಿನವನ್ನು ಬಿಡೋಣ ಎಂದರೆ ದೊಡ್ಡಕ್ಕ ಮೂಗು ಮುರಿಯುತ್ತಿದ್ದರು. "ಕೀಂ ಕೀಂ ಅನ್ನೋ ಆಟದ ಸಾಮಾನು ನಂಬಿ ಮಗೂಗೆ ಔಷಧಿ ಕೊಡ್ಲಾ?"

ಆ ಮಧ್ಯಾಹ್ನದ ಗಡಿಬಿಡಿಯಲ್ಲಿ ವಾರ್ಡಿನ ಆಯಾ ಒಂದು ಥರ್ಮಾಮೀಟರನ್ನು ಕೊಡವುವಾಗ ಅದು ಮಂಚದ ಕಬ್ಬಿಣಕ್ಕೆ ತಗುಲಿ ಚೂರಾಯಿತು. ಮಾತಿನಮಲ್ಲಿ ಎಂದೇ ಹೆಸರಾದ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಏನನ್ನಾದರೂ ಒಡೆದವರು ಆಫೀಸಿಗೆ ಹೋಗಿ ಕಾರಣ ಬರೆದುಕೊಟ್ಟು, ನಿಂತು ಬೈಸಿಕೊಂಡು ಬರಬೇಕಿತ್ತು. ಅವಳಿಗೆ ಬರೆಯಲು ಬಾರದು.

"ಸುಮ್ನಿರೇ, ನಾನಿದ್ದೀನಿ" ಎಂದರು ದೊಡ್ಡಕ್ಕ. ಕಾಗದದ ತುದಿಯಿಂದ ಪಾದರಸದ ಬೆಳ್ಳನೆಯ ಹನಿಗಳನ್ನು ಒಟ್ಟುಮಾಡಿ, ಬೆರಳಿನಿಂದ ತಳ್ಳಿ, ಮಡಚಿ, ನರ್ಸುಗಳ ರೂಮಿಗೆ ಒಯ್ದರು. ಯಾರು ಒಡೆದರೂ ಅವರು ಹೀಗೇ ಮಾಡುತ್ತಿದ್ದರು. ಎಷ್ಟೋ ಆಯಾಗಳ ತಪ್ಪನ್ನು ಹೀಗೆ ಹೊಟ್ಟೆಗೆ ಹಾಕಿಕೊಂಡಿದ್ದರು. ಅವರ ಒಳ್ಳೆಯತನವೆಲ್ಲ ಮೇಜಿನ ಖಾನೆಯಲ್ಲಿ, ಒಂದು ಹಳೆಯ ಔಷಧಿ ಸೀಸೆಯಲ್ಲಿ ಕೂಡಿತ್ತು. ಸೀಸೆಯ ಮುಚ್ಚಳ ಎಂದೋ ಕಳೆದು, ಬಾಯಿಗೆ ಒಂದು ಚೂರು ಹತ್ತಿ ತುರುಕಿದ್ದರು.

ಒಳಗೆ ಬರೆಯುತ್ತ ಕೂತಿದ್ದ ಸೊಸೆ ತಲೆಯೆತ್ತಿದಳು. "ಅತ್ತೆ, ನಿಮ್ಮ ಚಿನ್ನದ ಉಂಗುರಕ್ಕೇನಾಯ್ತು? ಅರ್ಧ ಬೆಳ್ಳಗಾಗಿದೆ."

"ವಯಸ್ಸಾಯ್ತು ಕಣೇ ಅದಕ್ಕೆ. ನನ್ನ ಕೂದಲಿನ ಹಾಗೆ."

ಹಿಂದೆಯೇ ಬಂದಿದ್ದ ಮಾತಿನಮಲ್ಲಿ ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ.

"ಪಾದರಸ ಮುಟ್ಟಿದ್ರೆ ಚಿನ್ನ ಹೀಗಾಗತ್ತೆ. ಅದನ್ನ ಎಲ್ಲಿಟ್ಟಿದ್ದೀರಿ ಅತ್ತೆ?"

ದೊಡ್ಡಕ್ಕ ಖಾನೆ ಎಳೆದರು. ಸೊಸೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರದ ಖಾನೆ.

"ಎಷ್ಟು ದಿನದ್ದು?"

"ಹನ್ನೊಂದು ವರ್ಷದ್ದಿರಬಹುದು."

ಸೊಸೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಯಾಕಷ್ಟು ಹೆದರ್ತೀಯ? ಕಾಯಿಸಿದ್ರೆ ತಾನೇ ಅದು ಆವಿಯಾಗೋದು?"

"ಕಾಯಿಸೋದು ಬೇಡ ಅತ್ತೆ. ರೂಮಿನ ಬಿಸಿಯಷ್ಟೇ ಸಾಕು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಒಳಗೆ ಹೋಗಿ ಮಿದುಳಿಗೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡತ್ತೆ. ಹೊಟ್ಟೇಲಿರೋ ಮಗೂನೂ ಬಿಡಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿದ್ರೆ ಹೊರಗಿನ ಗಾಳಿ ಬರೋದೇ ಇಲ್ಲ. ಒಳಗಿದ್ದದ್ದನ್ನೇ ತಣ್ಣಗೆ ಮಾಡಿ ತಿರುತಿರುಗಿ ಉಸಿರಾಡಿಸತ್ತೆ."

ದೊಡ್ಡಕ್ಕ ಕುರ್ಚಿಯ ಕಡೆ ನೋಡಿದರು. ಈ ಕುರ್ಚಿಯಲ್ಲಿ ಅವಳನ್ನು ಕೂರಿಸಿದವರು ತಾವೇ. ದಿಂಬು ಇಟ್ಟವರೂ ತಾವೇ.

"ನೀನು ಮೊದಲು ಆಚೆ ನಡಿ. ದೂರ ಹೋಗು. ಕರೆಂಟಣ್ಣಾ, ಬಾ ಇಲ್ಲಿ! ಎಸಿ ಆರಿಸು. ಕಿಟಕಿ ತೆಗಿ."

ಬಣ್ಣ ಬಳಿದು ಅಂಟಿಹೋಗಿದ್ದ ಕಿಟಕಿಗಳನ್ನು ಅವನು ಸ್ಕ್ರೂಡ್ರೈವರಿನಿಂದ ಮೀಟಿ ತೆರೆದ. ವಾರ್ಡಿನ ಕಡೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದರು. ಸೊಸೆ ಅಂಗಳದಲ್ಲಿ ದೂರ ನಿಂತು, ತೆರೆದ ಕಿಟಕಿಯ ಮೂಲಕ ಕೂಗಿ ಹೇಳತೊಡಗಿದಳು. ಮಾತಿನಮಲ್ಲಿ ಪೊರಕೆ ಹಿಡಿದು ಹೊರಟಿದ್ದಳು.

"ಪೊರಕೆ ಬೇಡ! ಗುಡಿಸಿದ್ರೆ ಒಂದು ಹನಿ ನೂರಾಗತ್ತೆ. ಅತ್ತೆ, ಉಂಗುರ ತೆಗೀರಿ, ಕೈಗವಸು ಹಾಕ್ಕೊಳ್ಳಿ. ಎರಡು ದಪ್ಪ ರಟ್ಟಿನಿಂದ ಹನಿಗಳನ್ನ ಒಟ್ಟಿಗೆ ತನ್ನಿ. ಸಣ್ಣದನ್ನ ಅಂಟುಪಟ್ಟಿಯಿಂದ ಎತ್ತಿ."

"ಉಳಿದಿದ್ದನ್ನ ತೊಳೆದು ನೀರಿಗೆ ಬಿಡ್ಲಾ?" ಎಂದು ದೊಡ್ಡಕ್ಕ ಕೇಳಿದರು.

"ಅಯ್ಯೋ ಬೇಡ, ಹೊಳೆ ಸೇರತ್ತೆ, ಮೀನಿನ ಹೊಟ್ಟೆ ಸೇರತ್ತೆ. ಸುಡೋದೂ ಬೇಡ. ಎಲ್ಲಾನೂ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಪಾದರಸ ಅಂತ ಬರೆದು ಅಂಟಿಸಿ."

ದೊಡ್ಡಕ್ಕ ನೆಲಕ್ಕೆ ಮಂಡಿಯೂರಿದರು. ಕರೆಂಟಣ್ಣ ಟಾರ್ಚನ್ನು ಓರೆಯಾಗಿ ಹಿಡಿದ. ಖಾನೆಯ ಸಂದಿನಲ್ಲಿ, ನೆಲದ ಬಿರುಕಿನಲ್ಲಿ ಸಾಸಿವೆಗಿಂತ ಚಿಕ್ಕ ಹನಿಗಳು ಮಿನುಗಿದವು. ಐವತ್ತೆಂಟರ ಮಂಡಿನೋವು ಮರೆತು ಅವರು ಒಂದೊಂದನ್ನೂ ಹೆಕ್ಕಿದರು. ಆಮೇಲೆ ವಾರ್ಡಿನಲ್ಲಿ ಥರ್ಮಾಮೀಟರ್ ಒಡೆದ ಜಾಗದಿಂದ ಮಕ್ಕಳನ್ನು ಸರಿಸಿ, ಕಿಟಕಿ ತೆರೆದು, ಅಲ್ಲೂ ಹೀಗೇ ಮಾಡಿದರು.

ಮರುದಿನ ಬೀರುವಿನ ಬೀಗ ತೆರೆಯಿತು. ದೊಡ್ಡಕ್ಕ ಯಾರ ಮಾತನ್ನೂ ಸುಮ್ಮನೆ ಒಪ್ಪುವವರಲ್ಲ. ಹನ್ನೆರಡು ಮಕ್ಕಳಿಗೆ ಹಳೆಯದು, ಹೊಸದು, ಎರಡರಲ್ಲೂ ಜ್ವರ ನೋಡಿದರು. ಹನ್ನೊಂದು ಮಕ್ಕಳಿಗೆ ಲೆಕ್ಕ ಹೊಂದಿತು. ಒದ್ದಾಡುತ್ತಿದ್ದ ಒಂದು ಹೆಣ್ಣುಮಗುವಿಗೆ ಮಾತ್ರ ಗಾಜಿನದು ಕಡಿಮೆ ತೋರಿಸಿತು. ಮಗುವನ್ನು ಅಪ್ಪಿ ಹಿಡಿದು, ಪೂರ್ತಿ ಮೂರು ನಿಮಿಷ ಕಾದು ಮತ್ತೆ ನೋಡಿದರೆ ಹೊಸದು ಹೇಳಿದ್ದೇ ಸರಿ.

"ಇಷ್ಟು ವರ್ಷ ಅವಸರದಲ್ಲಿ ಎಷ್ಟು ಮಕ್ಕಳ ಜ್ವರ ಕಡಿಮೆ ಬರೆದೆನೋ" ಎಂದು ತಮಗೇ ಹೇಳಿಕೊಂಡರು. ಅಂದೇ ವಾರ್ಡಿನ ಗಾಜಿನ ಥರ್ಮಾಮೀಟರುಗಳನ್ನೆಲ್ಲ ಕೂಡಿಸಿ, ಪಾದರಸದ ಡಬ್ಬಿಯ ಜೊತೆ ಆಫೀಸಿಗೆ ಒಪ್ಪಿಸಿದರು.

ಪಾದರಸ ಮೈ ಸೇರಿದೆಯೇ ಎಂದು ಮಾಡಿಸಿದ ಸೊಸೆಯ ಮೂತ್ರ ಪರೀಕ್ಷೆಯ ವರದಿ ಬರಲು ಹತ್ತು ದಿನ ಬೇಕಿತ್ತು. ದೊಡ್ಡಕ್ಕ ದಿನಕ್ಕೆರಡು ಸಲ ಲ್ಯಾಬಿಗೆ ಹೋಗಿ ಕೇಳುತ್ತಿದ್ದರು. ಆರನೆಯ ದಿನ ಆಸ್ಪತ್ರೆಯವರ ಸಭೆ ಇತ್ತು. ವರದಿ ಏನು ಬರುತ್ತದೋ ತಿಳಿಯದ ದಿನವೇ ಅವರು ಎದ್ದು ನಿಂತರು.

"ನಾನು ಒಂದು ತಪ್ಪು ಮಾಡಿದ್ದೀನಿ" ಎಂದು ಶುರುಮಾಡಿ ಖಾನೆ, ಸೀಸೆ, ಹತ್ತಿ, ಮುಚ್ಚಿದ ಕಿಟಕಿ ಎಲ್ಲವನ್ನೂ ಹೇಳಿದರು. "ಬೈಗುಳಕ್ಕೆ ಹೆದರೋ ಜನ ಒಡೆದದ್ದನ್ನ ಬಚ್ಚಿಡ್ತಾರೆ. ಆ ಹೆದರಿಕೆ ತೆಗೀರಿ. ಕರೆಂಟಣ್ಣ ಹೇಳಿದ್ದನ್ನೂ ಕೇಳಿ. ಅವನು ಯಾರೂ ಹೇಳದೆ ರೂಮು ರೂಮು ಸುತ್ತಿದ್ದು ನಮ್ಮ ಮಕ್ಕಳಿಗಾಗಿ."

ಕರೆಂಟಣ್ಣ ನಾಚಿ ಕಿವಿ ತುರಿಸಿಕೊಂಡ. ಕಾರಣ ಬರೆದುಕೊಡುವ ಪದ್ಧತಿಯನ್ನು ದೊಡ್ಡ ಡಾಕ್ಟರು ಅಂದೇ ನಿಲ್ಲಿಸಿದರು. ಖಾಲಿ ಕೋಣೆಗಳ ಎಸಿ ಆರಿತು. ಮುಂದೆ ಕರೆಂಟ್ ಹೋದಾಗ ಜನರೇಟರ್ ಮೂರು ಗಂಟೆ ಓಡಿತು. ಹೀಟರಿನ ಕೆಳಗಿದ್ದ ಕೂಸಿಗೆ ಎಚ್ಚರವೂ ಆಗಲಿಲ್ಲ.

ಹತ್ತನೆಯ ದಿನ ಸೊಸೆ ಕಾಗದ ಹಿಡಿದು ಬಂದಳು.

"ಮಿತಿಯೊಳಗೇ ಇದೆ ಅತ್ತೆ. ಈಗ ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟರು. ಆದ್ರೂ ತಪ್ಪದೆ ತೋರಿಸ್ತಿರ್ಬೇಕಂತೆ."

ದೊಡ್ಡಕ್ಕ ಅಲ್ಲೇ ಬೆಂಚಿನ ಮೇಲೆ ಕೂತರು. "ನನ್ನ ಮೇಲೆ ಸಿಟ್ಟಿಲ್ವೇನೇ?"

"ಇದೆ. ಚೆನ್ನಾಗೇ ಇದೆ" ಎಂದು ಸೊಸೆ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. "ಆದ್ರೆ ಅಷ್ಟು ಜನರ ಮುಂದೆ ನಿಂತು ಹೇಳಿದ್ರಲ್ಲ, ನನ್ನ ಮಗೂಗೆ ಅದನ್ನೂ ಹೇಳ್ತೀನಿ."

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನ ಆಸ್ಪತ್ರೆಯಲ್ಲಿ, ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ಪಾದರಸದ ಥರ್ಮಾಮೀಟರ್ ಇದೆಯೇ? ಬಿ.ಪಿ. ನೋಡುವ ಯಂತ್ರದಲ್ಲಿ ಪಾದರಸ ಇದೆಯೇ? ಕೇಳಿ ತಿಳಿದುಕೊಳ್ಳಿ. ಪಾದರಸವಿಲ್ಲದ್ದನ್ನು ಬಳಸಿ, ಹಳೆಯದನ್ನು ಕಸಕ್ಕೆ ಎಸೆಯದೆ ಆಸ್ಪತ್ರೆಗೆ ಒಪ್ಪಿಸಿ. ಗಾಳಿ ಬರುವ ಕಡೆ ಕಿಟಕಿ ತೆರೆಯಿರಿ, ಕೋಣೆ ಬಿಟ್ಟು ಏಳುವಾಗ ದೀಪ, ಎಸಿ ಆರಿಸಿ. ಹಾಗೆ ಉಳಿಸಿದ ಕರೆಂಟ್ ಯಾವುದೋ ಕೂಸನ್ನು ಬೆಚ್ಚಗಿಡುತ್ತದೆ. ಕೈಜಾರಿ ಒಡೆಯಿತೇ? ಮಕ್ಕಳನ್ನೂ ಬಸುರಿಯರನ್ನೂ ಮೊದಲು ಆಚೆ ಕಳಿಸಿ, ಆಮೇಲೆ ತಿಳಿದವರನ್ನು ಕೂಗಿ ಕರೆಯಿರಿ. ಯಾರೂ ನಿಮ್ಮನ್ನು ಬೈಯುವುದಿಲ್ಲ. ಬೈದರೆ, ಅವರಿಗೆ ಈ ಕಥೆಯನ್ನು ಓದಿ ಹೇಳಿ.