ತೊಳೆದ ಸಿಂಬಿ

ಶಾಲೆಯ ಬಾಗಿಲಲ್ಲೇ ಸರಸ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ನನ್ನನ್ನು ಕಂಡದ್ದೇ ಒಳಗೆ ತಿರುಗಿ, "ಟೀಚರ್, ಬಂತ್ ಕಾಣಿ ಮೀನ್ ಮಾರ್ಕೆಟ್!" ಎಂದಳು. ಉಳಿದ ತಾಯಂದಿರು ನಕ್ಕರು.

ನಾನು ಮೊಮ್ಮಗಳ ಕೈ ಹಿಡಿದು ಒಳಗೆ ಹೋದೆ. ಇವಳ ಅತ್ತೆಯೂ ಹೀಗೇ. ನನ್ನ ಬುಟ್ಟಿಯ ಬಂಗ್ಡೆ ಮೀನು ಆರಿಸಿಕೊಂಡು, ನಾನು ನಿಂತ ಅಂಗಳಕ್ಕೆ ನೀರು ಹೊಯ್ಯುತ್ತಿದ್ದಳು.

ಮೊಮ್ಮಗಳು ಮೋಕ್ಷಿತಾಳಿಗೆ ಆಟಿಸಂ. ಮಾತಿಲ್ಲ. ಗದ್ದಲವಾದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾಳೆ. ಅಂಥ ಮಕ್ಕಳಿಗೆಂದೇ ವಿನಯಾ ಟೀಚರ್ ಒಂದು ಡಬ್ಬಿ ಇಟ್ಟಿದ್ದಾರೆ: ಚಿತ್ರದ ಕಾರ್ಡು, ಕಿವಿ ಮುಚ್ಚುವ ಹೆಡ್‌ಫೋನು, ಮಡಿಲಲ್ಲಿಡುವ ಭಾರದ ದಿಂಬು. ಎಲ್ಲವನ್ನೂ ಇವಳು ಎಸೆದಳು. ಒಂದು ದಿನ ನನ್ನ ಕೈಯಿಂದ ಸಿಂಬಿ ಕಸಿದುಕೊಂಡಳು. ಬುಟ್ಟಿ ಹೊರಲು ತಲೆಯ ಮೇಲಿಡುವ ಬಟ್ಟೆಯ ಸುರುಳಿ ಅದು. ಮುಖಕ್ಕೆ ಒತ್ತಿಕೊಂಡು ಬೆಂಚಿನ ಮೇಲೆ ಕೂತೇಬಿಟ್ಟಳು. ನೀರಿನ ಚಿತ್ರ ತೋರಿಸಿ ನೀರು ಕೇಳಿದಳು. ಟೀಚರ್ ಸಿಂಬಿಯನ್ನೂ ಡಬ್ಬಿಗೆ ಸೇರಿಸಿದರು.

ಅಲ್ಲಿಂದ ಶುರುವಾಯಿತು ಸರಸಳ ಗಲಾಟೆ. "ಒಂದಾ ಆ ಗಲೀಜ್ ಹೋಯ್ಕ್, ಇಲ್ದಿರೆ ಆ ಹೆಣ್ ಹೋಯ್ಕ್." ಸೋಮವಾರದೊಳಗೆ ವಾಸನೆ ಹೋಗದಿದ್ದರೆ ಟಿಸಿ ತೆಗೆದುಕೊಳ್ಳಿ ಎಂದರು ಹೆಡ್ ಮಾಸ್ಟರು.

ನಾಚಿಕೆಯಾಯಿತು ನನಗೆ. ಸಿಂಬಿಯನ್ನು ಮನೆಗೆ ತಂದು, ಸೋಪು ಹಾಕಿ ತಿಕ್ಕಿ ತೊಳೆದು ಬಿಸಿಲಿಗೆ ಹಾಕಿದೆ. ಮಲ್ಲಿಗೆಯ ಪರಿಮಳದ ಸೋಪು.

ಇವತ್ತು ಸೋಮವಾರ. ಅದನ್ನೇ ಟೀಚರ್ ಕೈಗೆ ಕೊಟ್ಟೆ. ಮೋಕ್ಷಿತಾ ಮೂಸಿದಳು, ಎಸೆದಳು, ಕಿರುಚುತ್ತ ಗೋಡೆಗೆ ಹಣೆ ಬಡಿದುಕೊಂಡಳು.

"ಕಂಡ್ರ್ಯಾ?" ಸರಸ ಕೈ ತಟ್ಟಿದಳು. "ಸಿಂಬಿಯಂಬ್ರ್! ಮಳ್ಳ್ ಹೆಣ್ಣನ್ನ್ ಮನ್ಯಗೇ ಕಟ್ಟಿ ಹಾಕಿ."

"ಅಜ್ಜಿ, ಇದನ್ನ್ ತೊಳ್ದ್ರ್ಯಾ?" ಟೀಚರ್ ಕೇಳಿದರು.

ಉತ್ತರಿಸುವುದರೊಳಗೆ ಮೋಕ್ಷಿತಾ ನನ್ನ ಸೆರಗು ಹಿಡಿದು ಅದರೊಳಗೆ ಮುಖ ಹುದುಗಿಸಿದಳು. ಬೆಳಿಗ್ಗೆ ಬಂದರಿನಲ್ಲಿ ಮೀನು ಆರಿಸಿದ ಸೀರೆ. ಉಸಿರು ಎಳೆದು ಎಳೆದು ತಣ್ಣಗಾದಳು.

ಕಿರುಚಾಟ ಕೇಳಿ ಓಡಿ ಬಂದ ಹೆಡ್ ಮಾಸ್ಟರು ಬಾಗಿಲಲ್ಲೇ ನಿಂತರು. ನಾನು ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದೆ, ಸುತ್ತಿ ಸಿಂಬಿ ಮಾಡಿದೆ, ಅವಳ ಕೈಗಿಟ್ಟೆ. ಬೆಂಚಿಗೆ ಹೋಗಿ ಕೂತಳು.

"ಹ್ವಾಯ್ ಸರಸಮ್ಮ," ಎಂದೆ. "ನಿಮ್ ಮೀನ್ ಗಸಿಗ್ ಈ ವಾಸ್ನಿ ಬೇಕ್, ಬೆಂಚಿಗ್ ಬ್ಯಾಡ್ದಾ?"

"ನಾಲ್ಗಿ ಕಾಣಿ ಮೀನಿನವ್ಳದ್ದ್!"

"ಸರ್, ಇದೂ ಪಾಠ ಕಲ್ಸು ಸಾಮಾನೇ," ಎಂದರು ಟೀಚರ್. "ಬಳ್ಸಿದ್ ಮೇಲೆ ಡಬ್ಬಿಗ್ ಮುಚ್ಚಳ ಹಾಕಿಡ್ತೆ." ಹೆಡ್ ಮಾಸ್ಟರು ಬೆಂಚಿನ ಕಡೆ ನೋಡಿದರು. ಟಿಸಿಯ ಮಾತು ಎತ್ತದೆ ಹೊರಟುಹೋದರು.

ಗೇಟಿನ ಹತ್ತಿರ ತಿರುಗಿ ನೋಡಿದೆ. ಸರಸ ನಾನು ನಿಂತಿದ್ದ ಜಾಗಕ್ಕೆ ಆಯಾಳ ಕೈಯಲ್ಲಿ ಫಿನಾಯಿಲ್ ಹಾಕಿಸುತ್ತಿದ್ದಳು. ಹಾಕಿಸಲಿ. ಅದರಾಚೆ ಬೆಂಚಿನ ಮೇಲೆ ಮೋಕ್ಷಿತಾ ಚಿತ್ರದ ಕಾರ್ಡು ಆರಿಸುತ್ತಿದ್ದಳು.