ಕುಳ್ಳನ ಅಮ್ಮ

ನದಿಯ ಮೆಟ್ಟಿಲುಗಳ ಮೇಲೆ ಅತ್ತೆ ಕಳೆದುಹೋದಾಗ ಮಧ್ಯಾಹ್ನ ಹನ್ನೆರಡೂವರೆ. ಸ್ನಾನ ಮುಗಿಸಿ ಸೀರೆ ಬದಲಿಸಲು ಹೋದವರು ಮರಳಿ ಬರಲಿಲ್ಲ. ಅವರ ಫೋನು, ಕನ್ನಡಕ ಎರಡೂ ನನ್ನ ಚೀಲದಲ್ಲಿದ್ದವು. ನನ್ನ ಗಂಡನ ಅಸ್ಥಿಯಿದ್ದ ಚೊಂಬು ಅವರ ಕೈಯಲ್ಲಿತ್ತು. ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ರೈಲಿನಲ್ಲಿ ಮಲಗಿದ್ದಾಗಲೂ ತಬ್ಬಿಕೊಂಡೇ ಇದ್ದರು.

"ಇಬ್ಬರೇ ಹೆಂಗಸರು, ಅಷ್ಟು ದೂರ. ಆಗುತ್ತಾ ಅತ್ತಿಗೆ?" ಎಂದು ಮೈದುನ ಕೇಳಿದ್ದ.

"ನಾನು ನೋಡ್ಕೋತೀನಿ" ಎಂದಿದ್ದೆ. ಟಿಕೆಟು, ಕೋಣೆ, ದೋಣಿ, ಎಲ್ಲವನ್ನೂ ನಾನೇ ಗೊತ್ತು ಮಾಡಿದ್ದೆ. ನಾಲ್ಕು ತಿಂಗಳಿಂದ ನನಗೆ ಅಳು ಬಂದಿಲ್ಲ. ಕೆಲಸ ಮಾತ್ರ ಸರಿಯಾಗಿ ಬರುತ್ತದೆ.

ಎರಡು ಸಲ ಮೇಲಿಂದ ಕೆಳಗೆ ಹುಡುಕಿದೆ. ನೆರೆತ ತಲೆ, ಕೈಯಲ್ಲಿ ಚೊಂಬು. ಅಂಥವರು ಸಾವಿರ ಜನ. ಒಂದೂವರೆಯ ನಂತರ ಗಾಳಿ ಏಳುತ್ತದೆ, ಇವತ್ತಿಗೆ ದೋಣಿ ಬಿಡುವುದಿಲ್ಲ ಎಂದ ದೋಣಿಯವನು. ಸಂಜೆ ನಮಗೆ ರೈಲಿತ್ತು.

ಕಳೆದುಹೋದವರ ಕಚೇರಿ ಒಂದು ತಗಡಿನ ಕೋಣೆ. ಮೇಜು, ಮೈಕು. ಬೆಂಚಿನ ಮೇಲೆ ಯಾರೂ ಕೇಳಿಕೊಂಡು ಬಾರದ ಮೂವರು ಮುದುಕರು, ಒಂದು ಊರುಗೋಲು. ಮೈಕಿನವರು ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದರು.

"ಹೆಸರು?"

ಗುರುತಿನ ಚೀಟಿಯಲ್ಲಿದ್ದ ಹೆಸರು ಹೇಳಿದೆ. ಮೂರು ಸಲ ಕೂಗಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಮೂರು ಸಲ.

"ಕಿವಿ ಮಂದಾನಾ?"

"ಇಲ್ಲ. ಪಕ್ಕದ ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಅವರು ಹೇಳ್ತಾರೆ."

"ಮತ್ತೆ ತಮ್ಮ ಹೆಸರಿಗೇ ತಿರುಗಿ ನೋಡಲ್ವಾ?"

ಆಗ ಹೊಳೆಯಿತು. ಆ ಹೆಸರಿನಿಂದ ಅವರನ್ನು ಯಾರೂ ಕರೆಯುವುದೇ ಇಲ್ಲ. ಮಾವ ಇರುವಷ್ಟು ದಿನ "ಇವಳೇ" ಎಂದರು. ನಾನು ಅತ್ತೆ ಎನ್ನುತ್ತೇನೆ. ಇಲ್ಲಿ ನೂರಾರು ಅತ್ತೆಯರು. ನಮ್ಮ ಬೀದಿಗೆಲ್ಲ ಅವರು ಕುಳ್ಳನ ಅಮ್ಮ. ಕುಳ್ಳ ನನ್ನ ಗಂಡ. ಮೂರನೇ ತರಗತಿಯಲ್ಲಿ ಅಂಟಿದ ಹೆಸರು ಆರಡಿ ಬೆಳೆದರೂ ಬಿಟ್ಟಿರಲಿಲ್ಲ. ಅವನು ಹೋದ ಮೇಲೆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ, ಬೀದಿಯವರೂ.

"ಮೈಕ್ ಕೊಡಿ ಸರ್."

"ಹಾಗೆಲ್ಲ ಕೊಡಂಗಿಲ್ಲಮ್ಮ. ಮೊನ್ನೆ ಒಬ್ಬ ಇದರಲ್ಲೇ ಹೆಂಡತಿ ಜೊತೆ ಅರ್ಧ ಗಂಟೆ ಜಗಳ ಆಡಿದ. ಆಯಮ್ಮ ಇನ್ನೂ ಸಿಕ್ಕಿಲ್ಲ."

"ಎರಡೇ ಮಾತು."

ಅವರು ನನ್ನ ಮುಖ ನೋಡಿದರು. ಮೈಕು ನನ್ನ ಕಡೆ ತಿರುಗಿಸಿದರು.

"ಕುಳ್ಳನ ಅಮ್ಮ" ಎಂದೆ. ದನಿ ಆಚೆ ದಡಕ್ಕೆ ಬಡಿದು ವಾಪಸು ಬಂತು. "ಕುಳ್ಳನ ಅಮ್ಮ, ಮೈಕಿನ ಕೋಣೆಗೆ ಬನ್ನಿ. ಕುಳ್ಳನ ಹೆಂಡತಿ ಕಾಯ್ತಿದ್ದಾಳೆ."

ಐದು ನಿಮಿಷ ಹಿಡಿಯಲಿಲ್ಲ. ಚೊಂಬನ್ನು ಎದೆಗವಚಿಕೊಂಡು, ಜನರನ್ನು ಮೊಣಕೈಯಿಂದ ಸರಿಸುತ್ತ ಅತ್ತೆ ಬಂದರು.

"ಎಲ್ಲಿ ಹಾಳಾಗಿ ಹೋಗಿದ್ದೆ? ಆಗಿಂದ ಆ ಕೊಡೆ ಕೆಳಗೇ ಕೂತಿದ್ದೀನಿ!"

"ಆರು ಸಲ ಕೂಗಿಸಿದೆ ಅತ್ತೆ."

"ಅದು ನನಗಾ? ಕೇಳಿಸ್ತು. ಯಾವಳೋ ಪಾಪ ಕಳೆದುಹೋಗಿದ್ದಾಳೆ, ಬೇಗ ಸಿಗಲಿ ಅಂತ ನದಿಗೆ ಕೈ ಮುಗಿದೆ."

ಮೈಕಿನವರು ನಕ್ಕ ರಭಸಕ್ಕೆ ಲವಂಗ ಮೇಜಿನ ಮೇಲೆ ಬಿತ್ತು.

ಒಂದೂವರೆಗೆ ಎಂಟು ನಿಮಿಷವಿತ್ತು. ಮೆಟ್ಟಿಲಿಳಿಯುವಾಗ ಫೋನು ಹೊಡೆದುಕೊಂಡಿತು. ಮೈದುನ. ಅತ್ತೆ ಕಸಿದುಕೊಂಡರು.

"ನಿಮ್ಮ ಅತ್ತಿಗೆ ಕಳೆದುಹೋಗಿದ್ಳು ಕಣೋ. ಸಿಕ್ಕಿದ್ಳು. ಈಗ ಇಡು, ಕುಳ್ಳನ್ನ ಕರ್ಕೊಂಡು ದೋಣಿ ಹತ್ತಬೇಕು."

ದೋಣಿಗೆ ಹಾಕಿದ್ದ ಹಲಗೆ ಅಲ್ಲಾಡುತ್ತಿತ್ತು. ನಾನು ಮೊದಲು ಹತ್ತಿ ಅವರಿಗೆ ಕೈ ಚಾಚಿದೆ. ಅವರು ತಮ್ಮ ಕೈ ಕೊಡುವ ಮೊದಲು ಚೊಂಬು ಕೊಟ್ಟರು.